ಓಡುತ್ತಿರುವ ಡೇಟಾಬೇಸ್‌ಗೆ ಬೇರೆ ಡಿಸ್ಕ್

ರಾತ್ರಿ 11 ದಾಟಿದೆ. ಎಸ್‌ಎಸ್‌ಎಚ್ ಮೂಲಕ ನೀವು ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿದ್ದೀರಿ. ಐಓಸ್ಟ್ಯಾಟ್ 5 ಸೆಕೆಂಡಿಗೊಮ್ಮೆ ಹೊಸ ಸಾಲುಗಳನ್ನು ತೋರಿಸುತ್ತಿದೆ. ಎಸ್‌ಡಿಬಿ ಡಿಸ್ಕಿನ ಎದುರು, ಅದು ಕೆಲಸದಲ್ಲಿದ್ದ ಸಮಯ ಶೇ. 97, 99, ಮತ್ತೆ 98. ಎಸ್‌ಡಿಸಿಯ ಎದುರು 2. ಎಸ್‌ಎಸ್‌ಡಿ ಆಗಿದ್ದರೆ ಈ ಅಂಕಿಯನ್ನು ಅಷ್ಟು ನಂಬಬೇಕಿರಲಿಲ್ಲ, ಅದು ಒಂದೇ ಹೊತ್ತಿಗೆ ಹಲವು ಕೋರಿಕೆಗಳನ್ನು ನಿಭಾಯಿಸುತ್ತದೆ. ಇವು ತಿರುಗುವ ಹಾರ್ಡ್ ಡಿಸ್ಕುಗಳು. ಹೆಡ್ ಒಂದು ಕಡೆ ಓದುತ್ತಿದ್ದರೆ ಇನ್ನೊಂದು ಕಡೆಯ ಕೋರಿಕೆ ಕಾಯಲೇಬೇಕು.

ಎಲ್‌ವಿಎಸ್ ಕಮಾಂಡಿಗೆ ಡಿವೈಸಸ್ ಕಾಲಮ್ಮನ್ನೂ ಸೇರಿಸಿ ಎಂಟರ್ ಒತ್ತುತ್ತೀರಿ. ಕಾರಣ ಕಣ್ಣೆದುರೇ ಇದೆ: ಡೇಟಾಬೇಸ್, ಅದರ ಲಾಗ್, ಬ್ಯಾಕಪ್, ಮೂರೂ ಎಸ್‌ಡಿಬಿಯ ಮೇಲೆಯೇ. ಎಸ್‌ಡಿಸಿಯನ್ನು ಆಮೇಲೆ ವಾಲ್ಯೂಮ್ ಗ್ರೂಪಿಗೆ ಸೇರಿಸಲಾಗಿದೆ. ಹೊಸ ಡಿಸ್ಕ್ ಬಂತೆಂದು, ಡಿಸ್ಕುಗಳ ಜಾಗವನ್ನು ಕೂಡಿಸಿ ವಾಲ್ಯೂಮುಗಳಾಗಿ ಕೊಡುವ ಎಲ್‌ವಿಎಂ ಹಳೆಯ ಡೇಟಾವನ್ನು ತಾನಾಗಿ ಹಂಚುವುದಿಲ್ಲ. ಅದನ್ನು ನೀವೇ ಮಾಡಬೇಕು.

ಮೊದಲು ಸ್ಮಾರ್ಟ್‌ಸಿಟಿಎಲ್‌ನಿಂದ ಎರಡೂ ಡಿಸ್ಕುಗಳ ಆರೋಗ್ಯ ನೋಡುತ್ತೀರಿ. ಓದಲಾಗದ ಸೆಕ್ಟರುಗಳಿರುವ ಡಿಸ್ಕಿನಿಂದ ಡೇಟಾ ಸರಿಸಲು ಹೊರಟರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತೀರಿ. ನಿನ್ನೆಯ ಬ್ಯಾಕಪ್ ಬೇರೊಂದು ಯಂತ್ರದಲ್ಲಿ ಇದೆಯೇ, ಅದು ತೆರೆಯುತ್ತದೆಯೇ ಎಂದೂ ನೋಡುತ್ತೀರಿ. ಈ ಎರಡನ್ನೂ ಬಿಟ್ಟು ಮುಂದೆ ಹೋಗುವವರನ್ನು ನಾನು ಒಪ್ಪುವುದಿಲ್ಲ. ಆಮೇಲೆ ಟಿಮಕ್ಸ್ ಸೆಷನ್ ತೆರೆದು ಕಮಾಂಡ್ ಟೈಪ್ ಮಾಡುತ್ತೀರಿ: ಪಿವಿಮೂವ್, ಮೈನಸ್ ಎನ್, ಡೇಟಾಬೇಸ್ ವಾಲ್ಯೂಮಿನ ಹೆಸರು, ಎಲ್ಲಿಂದ, ಎಲ್ಲಿಗೆ. ಎಂಟರ್ ಒತ್ತುವ ಮುಂಚೆ ಕೊನೆಯ ಎರಡು ಹೆಸರುಗಳನ್ನು ಮತ್ತೊಮ್ಮೆ ಓದುತ್ತೀರಿ.

ಒತ್ತಿದಿರಿ. ಶೇ. 0.02.

ಒಳಗೆ ನಡೆಯುತ್ತಿರುವುದು ಬಹಳ ಶಿಸ್ತಿನ ಕೆಲಸ. ಎಲ್‌ವಿಎಂ ಡಿಸ್ಕನ್ನು ಎಕ್ಸ್‌ಟೆಂಟ್ ಎಂಬ ತುಂಡುಗಳಾಗಿ ನೋಡುತ್ತದೆ. ಬೇರೆ ಅಳತೆ ಹೇಳದಿದ್ದರೆ ಒಂದೊಂದೂ 4 ಎಂಐಬಿ. ನಿಮ್ಮ 100 ಜಿಐಬಿ ವಾಲ್ಯೂಮ್ ಎಂದರೆ 25,600 ತುಂಡುಗಳು. ಪಿವಿಮೂವ್ ಎರಡು ಡಿಸ್ಕುಗಳ ನಡುವೆ ತಾತ್ಕಾಲಿಕ ಮಿರರ್ ಕಟ್ಟಿ ನಕಲು ಶುರುಮಾಡಿದೆ. ಈ ನಡುವೆ ಡೇಟಾಬೇಸ್ ಏನಾದರೂ ಬರೆದರೆ? ನಕಲಾಗಿ ಮುಗಿದ ಭಾಗಕ್ಕೆ ಬಂದ ಬರಹ ಎರಡೂ ಡಿಸ್ಕಿಗೆ ಹೋಗುತ್ತದೆ. ಇನ್ನೂ ನಕಲಾಗದ ಭಾಗದ್ದು ಹಳೆಯದಕ್ಕೆ ಮಾತ್ರ. ಆ ಕ್ಷಣದಲ್ಲಿ ನಕಲಾಗುತ್ತಿರುವ ಭಾಗದ್ದು ಸ್ವಲ್ಪ ಹೊತ್ತು ಕಾಯುತ್ತದೆ. ಹೊಸ ಜಾಗದಲ್ಲಿ ಎಲ್ಲವೂ ಕೂತ ಮೇಲೆಯೇ ಮೆಟಾಡೇಟಾ ಬದಲಾಗುತ್ತದೆ, ಹಳೆಯದರ ಕೈ ಬಿಡುತ್ತದೆ. ಫೈಲ್ ಸಿಸ್ಟಂ ಅನ್‌ಮೌಂಟ್ ಆಗುವುದೇ ಇಲ್ಲ. 1998ರಲ್ಲಿ ಹೈಂಜ್ ಮಾವೆಲ್ಸ್‌ಹಾಗೆನ್ ಎಚ್‌ಪಿ-ಯುಎಕ್ಸ್‌ನ ಮಾದರಿಯಲ್ಲಿ ಲಿನಕ್ಸ್‌ಗೆ ಎಲ್‌ವಿಎಂ ಬರೆದರು. ಡೇಟಾಕ್ಕೂ ಡಿಸ್ಕಿಗೂ ನಡುವೆ ಹೀಗೊಂದು ಪದರ ಇರುವುದರಿಂದಲೇ ಈ ರಾತ್ರಿಯ ಕೆಲಸ ಸಾಧ್ಯವಾಗಿದೆ.

ಆದರೆ ಐಓಸ್ಟ್ಯಾಟ್ ನೋಡಿ: ಎಸ್‌ಡಿಬಿ ನೇರ 100ಕ್ಕೆ ಹೋಗಿ ನಿಂತಿದೆ. ಕಾಯುವ ಸಮಯ ಇನ್ನೂ ಬೆಳೆದಿದೆ. ಭಾರ ಇಳಿಸಲು ಬಂದ ಕೆಲಸ ಮೊದಲು ಭಾರ ಹೆಚ್ಚಿಸುತ್ತದೆ, ಸರಿಸಬೇಕಾದದ್ದನ್ನು ದಣಿದ ಡಿಸ್ಕೇ ಓದಿ ಕೊಡಬೇಕಲ್ಲ. ಇದನ್ನು ಹಗಲು ಹೊತ್ತಿನಲ್ಲಿ ಮಾಡಬಾರದು ಎನ್ನುವುದು ಇದಕ್ಕೇ. ಸೆಕೆಂಡಿಗೆ 150 ಎಂಬಿಯಂತೆ ಓಡಿದರೆ 12 ನಿಮಿಷದಲ್ಲಿ ಮುಗಿಯಬೇಕಾದ ನಕಲು, ಡೇಟಾಬೇಸಿನ ಚದುರಿದ ಓದುಗಳ ನಡುವೆ ತೆವಳುತ್ತದೆ. ಶೇ. 14. ಶೇ. 15.

ಕರೆಂಟ್ ಹೋದರೆ ಎಂಬ ಭಯ ಮೂಡುತ್ತದೆ. ಎಲ್ಲಿಯವರೆಗೆ ಸರಿಸಿದೆ ಎಂಬುದನ್ನು ಎಲ್‌ವಿಎಂ ಡಿಸ್ಕಿನ ಮೇಲೆಯೇ ಗುರುತು ಹಾಕುತ್ತಾ ಹೋಗುತ್ತದೆ. ಯಂತ್ರ ಎದ್ದ ಮೇಲೆ ಬರೀ ಪಿವಿಮೂವ್ ಎಂದು ಟೈಪ್ ಮಾಡಿದರೆ ಆ ಗುರುತಿನಿಂದಲೇ ಮುಂದುವರಿಯುತ್ತದೆ. ಬೇಡವೆನಿಸಿದರೆ ಅಬಾರ್ಟ್ ಇದೆ.

ಶೇ. 100. ಎಲ್‌ವಿಎಸ್ ಈಗ ಡೇಟಾಬೇಸಿನ ಎದುರು ಎಸ್‌ಡಿಸಿ ಎನ್ನುತ್ತಿದೆ. ಬೆರಳು ಬಿಸಿಯಾಗಿರುವಾಗಲೇ ಲಾಗ್ ವಾಲ್ಯೂಮನ್ನೂ ಅಲ್ಲಿಗೇ ಕಳಿಸಿಬಿಡೋಣ ಅನಿಸುತ್ತದೆ. ಬೇಡ. ಲಾಗ್ ಸಾಲಾಗಿ ಬರೆಯುತ್ತಾ ಹೋಗುತ್ತದೆ, ಡೇಟಾಬೇಸ್ ಅಲ್ಲಲ್ಲಿ ಹಾರಿ ಓದುತ್ತದೆ. ಎರಡನ್ನೂ ಮತ್ತೆ ಒಂದೇ ಹೆಡ್ಡಿಗೆ ಕಟ್ಟಿದರೆ ಹಳೆಯ ಜಗಳವನ್ನೇ ಹೊಸ ಡಿಸ್ಕಿಗೆ ಸಾಗಿಸಿದಂತೆ. ಅದನ್ನು ಎಸ್‌ಡಿಬಿಯಲ್ಲೇ ಬಿಟ್ಟು, ಏನನ್ನು ಎಲ್ಲಿಗೆ ಸರಿಸಿದಿರಿ ಎಂಬುದನ್ನು ಬೆಳಗಿನ ಪಾಳಿಯವರಿಗೆ ಬರೆದಿಡುತ್ತೀರಿ.