ಹಳೆಯ ಸೇನಾ ಲಾರಿಯ ಸೈಲೆನ್ಸರ್

ಕಳೆದ ಜುಲೈ 4ರ ಮೆರವಣಿಗೆಯಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳನ್ನು ಹೊತ್ತು ಸಾಗಿದ ಹಸಿರು ಲಾರಿಯನ್ನು ಸದಸ್ಯ ಬಾಂಧವರು ಮರೆತಿರಲಾರರು. ಅದು ಅಮೆರಿಕ ಸೇನೆಯ ಎಂ-35. ಅಣ್ಣತಮ್ಮಂದಿರಾದ ನಾವು ಅದನ್ನು ಕೊಂಡದ್ದು ನಮ್ಮ ತಂದೆಯವರಿಗಾಗಿ. ಭಾರತೀಯ ಸೇನೆಯಲ್ಲಿ ಹದಿನೇಳು ವರ್ಷ ಶಕ್ತಿಮಾನ್ ಓಡಿಸಿದವರು ಅವರು.

ಆ ದಿನ ಹಿಂಬದಿಯಲ್ಲಿ ಕುಳಿತ ಮಕ್ಕಳು ದಾರಿಯುದ್ದಕ್ಕೂ ಕಿವಿ ಮುಚ್ಚಿಕೊಂಡಿದ್ದರು. ಸೈಲೆನ್ಸರಿನ ವಿಚಾರ ಹುಟ್ಟಿದ್ದು ಅಲ್ಲಿಂದ.

ಎಂ-35ಕ್ಕೆ ಮೊದಲು ಪೆಟ್ರೋಲ್ ಎಂಜಿನ್ ಇತ್ತು. ಅನಂತರ ಬಂದದ್ದು ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಯಾವುದನ್ನು ಹಾಕಿದರೂ ಉರಿಸಬಲ್ಲ 7.8 ಲೀಟರಿನ ಆರು ಸಿಲಿಂಡರಿನ ಎಂಜಿನ್. ಪಿಸ್ಟನ್ನಿನ ಗುಂಡು ಕುಳಿಯ ಗೋಡೆಗೆ ಇಂಧನವನ್ನು ತೆಳುವಾಗಿ ಲೇಪಿಸಿ ಉರಿಸುವ ಅದರ ವಿಧಾನ ಜರ್ಮನಿಯ ಎಂ.ಎ.ಎನ್. ಕಂಪನಿಯದು. ಜಬಲ್ಪುರದಲ್ಲಿ ಶಕ್ತಿಮಾನ್ ತಯಾರಾಗುತ್ತಿದ್ದುದೂ ಅದೇ ಕಂಪನಿಯ ಪರವಾನಗಿಯಿಂದ. ಈ ದೂರದ ನಂಟನ್ನು ತಿಳಿಸಿದಾಗ ತಂದೆಯವರು, "ಹಾಗಾದರೆ ಇದು ದಾಯಾದಿಯೇ" ಎಂದು ನಕ್ಕರು.

ಈ ಎಂಜಿನ್ನಿನಲ್ಲಿ ಟರ್ಬೋ ಇಲ್ಲದ ಎಲ್‌ಡಿ-465, ಟರ್ಬೋ ಇರುವ ಎಲ್‌ಡಿಟಿ-465 ಎಂಬ ಭೇದಗಳಿವೆ. ನಮ್ಮದು ಎರಡನೆಯದು, ಅದರಲ್ಲಿಯೂ ಸಿಳ್ಳಿಗೆ ಹೆಸರಾದ 1ಸಿ. ಇದರ ಹೊಗೆ ಟರ್ಬೋದಿಂದ ನೇರ ಕೊಳವೆಯೇರಿ ಹೊರಬೀಳುತ್ತದೆ. ನಡುವೆ ಸೈಲೆನ್ಸರೇ ಇಲ್ಲ. ಒಳಗೆ ಅಡ್ಡ ತಡೆಗಳುಳ್ಳ ಸೈಲೆನ್ಸರ್ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ, ಆದರೆ ಹೊಗೆಗೆ ಎದುರೊತ್ತಡ ಹೆಚ್ಚಾಗಿ ಟರ್ಬೋ ಬಳಲುತ್ತದೆ. ಆದ್ದರಿಂದ ರಂಧ್ರಗಳ ಕೊಳವೆ ನೇರವಾಗಿ ಹಾಯ್ದು, ಸುತ್ತ ಗಾಜಿನ ನಾರು ತುಂಬಿದ ಬಗೆಯನ್ನು ಆರಿಸಿಕೊಂಡೆವು. ಅಗ್ಗದ ಸಣ್ಣ ಬಾಯಿಯದನ್ನು ತಂದು ಹಿಂತಿರುಗಿಸಿದ ಕಥೆ ಇಲ್ಲಿ ಬೇಡ.

ಅದನ್ನು ಜೋಡಿಸಿದ ಮೇಲೆ ಗುಡುಗು ಇಳಿಯಿತು, ಸಿಳ್ಳು ಉಳಿಯಿತು. ತಂದೆಯವರು ಮಾತ್ರ ಲಾರಿಯ ಪಕ್ಕದಲ್ಲಿಯೇ ನಿಂತು, "ಎಂಜಿನ್ ನಿಂತುಹೋಯಿತೇ?" ಎಂದು ಕೇಳಿದರು. ಸಿಳ್ಳು ಕೇಳುತ್ತಿಲ್ಲವೇ ಎಂದೆವು. "ಯಾವ ಸಿಳ್ಳು?" ಎಂದರು.

ನಮ್ಮಲ್ಲೊಬ್ಬರು ವೈದ್ಯರಾಗಿದ್ದೂ ಅವರ ಶ್ರವಣ ಪರೀಕ್ಷೆಯನ್ನು ವರ್ಷಗಳಿಂದ ಮುಂದೂಡುತ್ತ ಬಂದಿದ್ದೆವು. ವಯಸ್ಸಿನ ಕಿವುಡೆಂದು ನಾವೇ ತೀರ್ಪಿತ್ತಿದ್ದೆವು. ಮಾರನೆಯ ವಾರ ಬಂದ ನಕ್ಷೆಯಲ್ಲಿ 4,000 ಹರ್ಟ್ಸ್ ಬಳಿ ಎರಡೂ ಕಿವಿಗಳ ಗೆರೆ ಕಡಿದಾಗಿ ಕುಸಿದಿತ್ತು. ಸದ್ದಿನಿಂದಾದ ಹಾನಿಯ ಪರಿಚಿತ ಗುರುತು ಅದು. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಇಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 97ಕ್ಕೆ ಉಳಿಯುವುದು ಅರ್ಧ ಗಂಟೆ.

ತಂದೆಯವರ ಪಾಲಿಗೆ ಲಾರಿಯಲ್ಲಿ ಉಳಿದಿದ್ದುದು ಆ ಗುಡುಗೊಂದೇ. ಅದನ್ನೂ ನಾವು ಕಸಿದುಕೊಂಡೆವು. ಸೈಲೆನ್ಸರನ್ನು ಬಿಚ್ಚಿಬಿಡೋಣವೆಂದು ಒಂದು ಸಂಜೆ ಹೇಳಿಯೂ ನೋಡಿದೆವು. "ಮಕ್ಕಳು ಕೂರುವ ಗಾಡಿ, ಇರಲಿ" ಎಂದರು.

ಈ ನವೆಂಬರಿನ ರಾಜ್ಯೋತ್ಸವಕ್ಕೆ ಲಾರಿ ಬರಲಿದೆ. ಮಕ್ಕಳಿಗೂ ಚಾಲಕರಿಗೂ ಕಿವಿಗವಸುಗಳನ್ನು ತಂದಿರಿಸಿದ್ದೇವೆ. ತಂದೆಯವರು ಈಗ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಎಂಜಿನ್ನನ್ನು ಆಲಿಸುತ್ತಾರೆ. ಮೊನ್ನೆ ಹಾಗೆಯೇ ನಿಂತು, ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲವೆಂದರು. ಇಂಜೆಕ್ಟರ್ ಬಿಚ್ಚಿ ನೋಡಿದೆವು. ಮೂರನೆಯದು ಕಟ್ಟಿಕೊಂಡಿತ್ತು.