ಜೀವಕೋಶ ಚಿಪ್ ಆಗಲಿಲ್ಲ

ಸ್ಯಾನ್ ಹೊಸೆಯಿಂದ 101ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿದರೆ, ವಿಮಾನ ನಿಲ್ದಾಣ ದಾಟಿದ ಮೇಲೆ ಗುಡ್ಡದ ಮೈಮೇಲೆ ‘ಸೌತ್ ಸ್ಯಾನ್ ಫ್ರಾನ್ಸಿಸ್ಕೊ, ದಿ ಇಂಡಸ್ಟ್ರಿಯಲ್ ಸಿಟಿ’ ಎಂಬ ದೊಡ್ಡ ಬಿಳಿ ಅಕ್ಷರಗಳು ಕಾಣುತ್ತವೆ. ಆ ಊರು ಬೆಳೆದದ್ದು ದನದ ದೊಡ್ಡಿ, ಕಸಾಯಿಖಾನೆ, ಉಕ್ಕು, ಬಣ್ಣದ ಕಾರ್ಖಾನೆಗಳಿಂದ. ಆಗ ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ ಬರುತ್ತಿದ್ದದ್ದೂ ಕಸಾಯಿಖಾನೆಗಳಿಂದಲೇ: ಹಂದಿ, ದನಗಳ ಮೇದೋಜೀರಕ ಗ್ರಂಥಿಯನ್ನು ಟನ್‌ಗಟ್ಟಲೆ ಅರೆದು ಸೋಸಿದರೆ ಸಿಗುತ್ತಿದ್ದದ್ದು ಕೆಲವೇ ನೂರು ಗ್ರಾಂ. ಅದೇ ಊರಿನ ಬಾಡಿಗೆ ಗೋದಾಮೊಂದರಲ್ಲಿ ಜೆನೆನ್‌ಟೆಕ್ ಕೆಲಸ ಶುರು ಮಾಡಿತು. 1976ರಲ್ಲಿ ಅದನ್ನು ಕಟ್ಟಿದವರು ವಿಜ್ಞಾನಿ ಹರ್ಬರ್ಟ್ ಬಾಯರ್ ಮತ್ತು ಹೂಡಿಕೆ ಬಲ್ಲ ರಾಬರ್ಟ್ ಸ್ವಾನ್ಸನ್. ಬಾಯರ್ ಮತ್ತು ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಡಿಎನ್ಎಯನ್ನು ಕತ್ತರಿಸಿ ಜೋಡಿಸಿ ಬ್ಯಾಕ್ಟೀರಿಯಾದೊಳಗೆ ಬೆಳೆಸುವ ದಾರಿಯನ್ನು 1973ರಲ್ಲೇ ತೋರಿಸಿದ್ದರು. 1978ರಲ್ಲಿ ಇನ್ಸುಲಿನ್ನಿನ 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಪಳಿಗಳನ್ನು ಬ್ಯಾಕ್ಟೀರಿಯಾಗಳಿಂದ ಬೇರೆ ಬೇರೆಯಾಗಿ ಮಾಡಿಸಿ ಕೂಡಿಸಲಾಯಿತು. 1982ರಲ್ಲಿ ಆ ಔಷಧಕ್ಕೆ ಅಮೆರಿಕದ ಅನುಮತಿ ಸಿಕ್ಕಿತು. ಆದರೆ ಅದನ್ನು ದೊಡ್ಡ ತೊಟ್ಟಿಗಳಲ್ಲಿ ತಯಾರಿಸಿ ಮಾರಿದ್ದು ಇಂಡಿಯಾನಾ ರಾಜ್ಯದ ಎಲಿ ಲಿಲ್ಲಿ. ಈ ಸಂಗತಿಗೆ ಆಗ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಅಲ್ಲಿಂದೀಚೆಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಈ ಸೀಮೆ ಕಂಡ ಏಳುಬೀಳುಗಳ ಬೇರು ಆ ಮರೆವಿನಲ್ಲೇ ಇದೆ ಎಂಬುದು ನನ್ನ ವಾದ. ಇಲ್ಲಿನವರು, ಅದರಲ್ಲೂ ಸ್ಯಾನ್ ಹೊಸೆಯ ಚಿಪ್ ಲೋಕದ ನಡುವೆ ಬಾಳಿದ ನಮ್ಮಂಥವರು, ಜೀವಕೋಶವನ್ನೂ ಚಿಪ್ಪಿನಂತೆಯೇ ನೋಡಿದೆವು. ಜೀನ್ ಬರೆಯುವುದು ಅಗ್ಗವಾದರೆ ಅಣುವೂ ಅಗ್ಗವಾಗುತ್ತದೆ, ವರ್ಷದಿಂದ ವರ್ಷಕ್ಕೆ ಬೆಲೆ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಅದು. ಚಿಪ್ಪಿಗೆ ಆ ಭಾಗ್ಯವಿತ್ತು, ಏಕೆಂದರೆ ಅದರ ಭಾಗಗಳನ್ನು ಚಿಕ್ಕದು ಮಾಡುತ್ತಾ ಹೋಗಬಹುದಿತ್ತು. ಕೋಶಕ್ಕೆ ಹಸಿವಿದೆ. ನಾವು ಉಣಿಸುವ ಸಕ್ಕರೆಯ ಒಂದು ಪಾಲನ್ನು ಅದು ತಾನು ಬೆಳೆಯಲು, ಉಸಿರಾಡಲು ಬಳಸಿಕೊಳ್ಳುತ್ತದೆ. ಫಾರ್ನೆಸೀನ್‌ನಂಥ ಎಣ್ಣೆಯನ್ನು ಯೀಸ್ಟಿನಿಂದ ಮಾಡಿಸಿದರೆ, ಎಷ್ಟೇ ಜಾಣತನದಿಂದ ಜೀನ್ ತಿದ್ದಿದರೂ ಒಂದು ಕಿಲೋ ಸಕ್ಕರೆಗೆ ಮೂರನೇ ಒಂದು ಕಿಲೋ ಎಣ್ಣೆಯೂ ದಕ್ಕದು. ರಸಾಯನಶಾಸ್ತ್ರವೇ ಹಾಕಿದ ಮಿತಿ ಅದು. ನೀರಿನಲ್ಲಿ ಆಮ್ಲಜನಕ ಕರಗುವುದು ಲೀಟರಿಗೆ ಕೆಲವೇ ಮಿಲಿಗ್ರಾಂ, ಹಾಗಾಗಿ ಗಾಳಿಯನ್ನು ಎಡೆಬಿಡದೆ ಊದುತ್ತಲೇ ಇರಬೇಕು. ಮದುವೆ ಮನೆಯ ಕೊಪ್ಪರಿಗೆಯ ಅನ್ನದಂತೆ ದೊಡ್ಡ ತೊಟ್ಟಿಯೂ ಒಡಲಲ್ಲಿ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ತಣಿಸುವುದಕ್ಕೂ ದುಡ್ಡು ಸುರಿಯಬೇಕು. ಇಷ್ಟೆಲ್ಲ ಆದ ಮೇಲೆ ಬೇಕಾದ ಅಣುವನ್ನು ಆ ಗಂಜಿಯಿಂದ ಬೇರ್ಪಡಿಸುವ ಕೆಲಸ, ಹಲವು ಬಾರಿ ಎಲ್ಲಕ್ಕಿಂತ ದುಬಾರಿಯಾದದ್ದು, ಇನ್ನೂ ಬಾಕಿ ಇರುತ್ತದೆ.

ಇದಕ್ಕೆ ಆರ್ಟೆಮಿಸಿನಿನ್ ಕಥೆಗಿಂತ ಗಟ್ಟಿಯಾದ ಸಾಕ್ಷಿ ಬೇಡ. ಮಲೇರಿಯಾದ ಈ ಮದ್ದು ಒಂದು ಜಾತಿಯ ಮಾಚಿಪತ್ರೆ ಗಿಡದಿಂದ ಬರುತ್ತದೆ. ಬರ್ಕ್‌ಲಿಯ ಜೇ ಕೀಸ್ಲಿಂಗ್ ತಂಡ, ಗೇಟ್ಸ್ ಪ್ರತಿಷ್ಠಾನದ ನೆರವಿನೊಂದಿಗೆ, ಅದರ ಹಿಂದಿನ ಹಂತದ ಆಮ್ಲವನ್ನು 2006ರಲ್ಲಿ ಯೀಸ್ಟಿನಿಂದ ಲೀಟರಿಗೆ 100 ಮಿಲಿಗ್ರಾಂನಷ್ಟು ತೆಗೆಯಿತು. 2013ರ ಹೊತ್ತಿಗೆ ಅದು 25 ಗ್ರಾಂ ಆಗಿತ್ತು. ಇಂಥ ಏರಿಕೆ ಸಾಧಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ. ಸನೋಫಿ ಕಂಪನಿ ಇಟಲಿಯಲ್ಲಿ ಇದರ ತಯಾರಿಕೆಯನ್ನೂ ಆರಂಭಿಸಿತು. ಆದರೆ ಅಷ್ಟರಲ್ಲಿ ರೈತರು ಬೆಳೆದ ಗಿಡದ ಆರ್ಟೆಮಿಸಿನಿನ್ ಕಿಲೋಗೆ 250 ಡಾಲರಿಗೂ ಕೆಳಗಿಳಿದಿತ್ತು. ಯೀಸ್ಟಿನದು ಲಾಭವಿಲ್ಲದೆ ಮಾರಿದರೂ 350 ಡಾಲರಿನ ಮೇಲೆಯೇ. ಸನೋಫಿ ಆ ಕಾರ್ಖಾನೆಯನ್ನು ಮಾರಿತು. ಕೀಸ್ಲಿಂಗ್ ಮತ್ತವರ ಸಂಗಡಿಗರು ಕಟ್ಟಿದ ಅಮೈರಿಸ್, ಸಕ್ಕರೆಯಿಂದ ಡೀಸೆಲ್ ಮಾಡುವ ಭರವಸೆ ಕೊಟ್ಟು, ಬ್ರೆಜಿಲ್‌ನಲ್ಲಿ ಕಾರ್ಖಾನೆ ಕಟ್ಟಿ, ಕೊನೆಗೆ ಕಾಂತಿವರ್ಧಕಗಳ ಸ್ಕ್ವಾಲೇನ್ ಕಡೆಗೆ ಹೊರಳಿ, 2023ರಲ್ಲಿ ದಿವಾಳಿ ಅರ್ಜಿ ಹಾಕಿತು.

ಆರಂಭದ ಸೋಲನ್ನು ಹಿಡಿದು ಇಡೀ ವಿದ್ಯೆಯನ್ನು ತೂಗುವುದು ಅನ್ಯಾಯ ಎಂದು ಕೆಲವರು ಹೇಳುತ್ತಾರೆ. ಸರಿಯೇ, ಸ್ಕ್ವಾಲೇನನ್ನೇ ನೋಡಿ, ಶಾರ್ಕ್‌ಗಳ ಯಕೃತ್ತಿನಿಂದ ತೆಗೆಯುತ್ತಿದ್ದ ಎಣ್ಣೆ ಈಗ ಕಬ್ಬಿನಿಂದ ಬರುತ್ತದೆ. ಅದು ನಿಜವಾದ ಗೆಲುವು. ಆದರೆ ಅದು ಗೆದ್ದದ್ದು ಕಿಲೋಗೆ ಡೀಸೆಲ್ಲಿಗಿಂತ ಎಷ್ಟೋ ಪಟ್ಟು ಬೆಲೆ ತರುವ ಕಡೆ. ಇನ್ಸುಲಿನ್ ಉಳಿದದ್ದೂ ಹಾಗೆಯೇ: ಅದರ ಬೆಲೆ ಗ್ರಾಂ ಲೆಕ್ಕದ್ದು, ಅದನ್ನು ಕೊಡುವ ಗಿಡವಿಲ್ಲ. ಇನ್ನು ಕೆಲವರ ಪ್ರಕಾರ ಕಂಪ್ಯೂಟರಿನ ಬುದ್ಧಿ ಜೀನ್ ವಿನ್ಯಾಸವನ್ನು ವೇಗಗೊಳಿಸಿ ಎಲ್ಲವನ್ನೂ ಬದಲಿಸಲಿದೆ. ವಿನ್ಯಾಸ ವೇಗವಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ. ತೊಟ್ಟಿಯ ಶಾಖ, ಸಕ್ಕರೆಯ ಬೆಲೆ, ಸೋಸುವ ಖರ್ಚು ಅದಕ್ಕೆ ಮಣಿಯುವುದಿಲ್ಲ.

ತೊಟ್ಟಿಯ ಈ ಕಷ್ಟವನ್ನು ಬೆಂಗಳೂರು ಬೇರೆ ತುದಿಯಿಂದ ಕಲಿಯಿತು. ಬ್ರೂಯಿಂಗ್ ಓದಿಬಂದ ಕಿರಣ್ ಮಜುಂದಾರ್ ಶಾ 1978ರಲ್ಲಿ ಬಯೋಕಾನ್ ಶುರು ಮಾಡಿದ್ದು ಪರಂಗಿ ಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ ತೆಗೆಯುವಂಥ ಸರಳ ಕೆಲಸದಿಂದ. ಮೊದಲು ಬೇರ್ಪಡಿಸುವುದು, ಹುದುಗಿಸುವುದು, ದರ ಇಳಿಸುವುದು. ಜೀನ್ ತಿದ್ದುವುದು ಆಮೇಲೆ. 2004ರಲ್ಲಿ ಅದು ಪಿಕಿಯಾ ಎಂಬ ಯೀಸ್ಟಿನಿಂದ ಮಾಡಿದ ಮಾನವ ಇನ್ಸುಲಿನ್ನನ್ನು ಭಾರತದ ಮಾರುಕಟ್ಟೆಗೆ ತಂದಿತು. 2021ರ ಜುಲೈನಲ್ಲಿ ಅದರ ಗ್ಲಾರ್ಜಿನ್ ಇನ್ಸುಲಿನ್ನಿಗೆ ಅಮೆರಿಕದ ಔಷಧ ಪ್ರಾಧಿಕಾರದಿಂದ ಒಂದು ಮಾನ್ಯತೆ ದೊರಕಿತು. ಮೂಲ ಔಷಧದ ಬದಲು ಅಂಗಡಿಯಲ್ಲೇ ಕೊಡಬಹುದೆಂಬ ಈ ಮಾನ್ಯತೆ ಪಡೆದ ಮೊದಲ ಜೈವಿಕ ಔಷಧ ಅದು.