ಬೇಡ ಎಂದ ಮೇಲಿನ ಆರೈಕೆ

"ಮಾತ್ರೆ ಬೇಡ" ಎಂದ ಅಜ್ಜಿಗೆ ಹಠಮಾರಿ ಎಂಬ ಹೆಸರು ಬೀಳಲು ಒಂದು ದಿನ ಸಾಕು. ತ್ಯಾಮಗೊಂಡ್ಲಿನಂಥ ಊರಲ್ಲಿ ಮಕ್ಕಳು ಪೀಣ್ಯ, ಡಾಬಸ್‌ಪೇಟೆ ಎಂದು ಕೆಲಸಕ್ಕೆ ಹೋದ ಮೇಲೆ ಹಿರಿಯರು ವೃದ್ಧಾಶ್ರಮದ ಪಾಲಾದರೂ ಅಷ್ಟೆ, ಸಂಬಳದ ಆಯಾ ಪಾಲಾದರೂ ಅಷ್ಟೆ: ಮೊದಲು ಗದರಿಕೆ, ಆಮೇಲೆ ಮುದ್ದೆಯ ಸಾರಿಗೆ ಮಾತ್ರೆ ಪುಡಿಮಾಡಿ ಹಾಕುವ ಉಪಾಯ. ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಪುಡಿಮಾಡಿದರೆ ಇಡೀ ದಿನದ ಮದ್ದು ಒಮ್ಮೆಗೇ ಮೈಸೇರುತ್ತದೆ. ಗುಟ್ಟು ಬಯಲಾದರೆ ಊಟದ ಮೇಲಿನ ನಂಬಿಕೆಯೂ ಹೋಗುತ್ತದೆ. ನನ್ನ ಪ್ರಕಾರ, ಬೇಡ ಎಂದ ಕಡೆಯಿಂದಲೇ ಆರೈಕೆಯ ಯೋಜನೆ ಶುರುವಾಗಬೇಕು. ಕಾಲು ಊದಿಕೊಂಡ ಹೃದ್ರೋಗಿ ಮೈಯ ನೀರಿಳಿಸುವ ಮಾತ್ರೆಯನ್ನು ತಳ್ಳಿದರೆ, ರಾತ್ರಿ ಮತ್ತೆಮತ್ತೆ ಎದ್ದು ಕತ್ತಲಲ್ಲಿ ಬಚ್ಚಲಿಗೆ ತಡವರಿಸುವ ಭಯ ಅದಕ್ಕೆ ಕಾರಣವಿರಬಹುದು. ಡಾಕ್ಟರನ್ನು ಕೇಳಿ ಸಂಜೆಯ ಮಾತ್ರೆಯನ್ನು ಬೆಳಿಗ್ಗೆಗೆ ಸರಿಸಿದರೆ ಜಗಳವೇ ಮುಗಿಯಬಹುದು.

ಮರೆವಿನವರ ಮಾತಿಗೆ ಎಷ್ಟು ಬೆಲೆ ಕೊಡುವುದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮೂತ್ರದ ಸೋಂಕೊಂದೇ ಮುಪ್ಪಿನವರ ಬುದ್ಧಿಯನ್ನು ದಿಢೀರನೆ ಕದಡಬಲ್ಲದು. ಖಿನ್ನತೆಯೂ ಅವರಿಂದ ಬೇಡ ಎಂದು ಹೇಳಿಸಬಲ್ಲದು. ಹಾಗಾಗಿ ಮೊದಲು ತಪಾಸಣೆಯಾಗಲಿ. ಆದರೆ ಇವತ್ತು ಯಾವ ವಾರ ಎಂದು ಹೇಳಲಾಗದವರು ಮೂಗಿಗೆ ನಳಿಕೆ ಬೇಡ ಎಂದು ಸ್ಪಷ್ಟವಾಗಿ ಹೇಳಬಲ್ಲರು. ಅರಿವನ್ನು ಒಂದೊಂದು ತೀರ್ಮಾನಕ್ಕೂ ಬೇರೆಬೇರೆಯಾಗಿ ಅಳೆಯಬೇಕು. "ಮಕ್ಕಳಿಗೆ ಖರ್ಚಾದೀತು" ಎಂದು ಹಿಂಜರಿಯುವವರ ವಿಷಯದಲ್ಲಿ ಮಾತ್ರ ಒಪ್ಪಿ ಸುಮ್ಮನಾಗುವುದು ಅನ್ಯಾಯ. ಅಲ್ಲಿ ಮೊದಲು ಬಗೆಹರಿಯಬೇಕಾದದ್ದು ಬಿಲ್ಲು.

ನಾಳೆ ಕೇಸು ಬಿದ್ದರೆ ಎಂಬುದು ಆಶ್ರಮದವರ ಅಳುಕು. ದಶಕಗಳ ಕಾಲ ಅರಿವಿಲ್ಲದೆ ಹಾಸಿಗೆ ಹಿಡಿದಿದ್ದ ನರ್ಸ್, ನಮ್ಮ ಹಳದೀಪುರದ ಅರುಣಾ ಶಾನಭಾಗ ಪ್ರಕರಣದಲ್ಲಿ 2011ರಲ್ಲಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಚರ್ಚೆಗೆ ದಾರಿ ತೆರೆದ ಸುಪ್ರೀಂ ಕೋರ್ಟು, 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನೂ ಮುಂಚಿತವಾಗಿ ಬರೆದಿಡುವ ವೈದ್ಯಕೀಯ ಉಯಿಲನ್ನೂ ಒಪ್ಪಿತು. 2023ರ ತಿದ್ದುಪಡಿಯಿಂದ ಇಬ್ಬರು ಸಾಕ್ಷಿಗಳ ಸಹಿಯ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕಾಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಅದು ಮಾತಾಡಲಾಗದ ಸ್ಥಿತಿ ಮುಟ್ಟಿದವರ ವಿಷಯ. ಅರಿವಿದ್ದವರ ನಿರಾಕರಣೆಯನ್ನು, ಅವರು ಕೊಟ್ಟ ಕಾರಣದ ಸಮೇತ, ಫೈಲಿನಲ್ಲಿ ಬರೆದಿಡುವುದೇ ಆಶ್ರಮಕ್ಕೂ ರಕ್ಷಣೆ. ಅದೇ ಪುಟದಲ್ಲಿ ನಿಲ್ಲಿಸಬಾರದ್ದನ್ನೂ ಬರೆಯಬೇಕು: ನೋವಿನ ಮದ್ದು, ಮಗ್ಗುಲು ಬದಲಿಸುವುದು, ಬಾಯಿ ಒದ್ದೆ ಮಾಡುವುದು. ಬೆಂಗಳೂರಿನ ಕರುಣಾಶ್ರಯದಂಥ ಉಪಶಮನ ಆರೈಕೆಯ ಕೇಂದ್ರಗಳಲ್ಲಿ ನಡೆಯುವುದೂ ಈ ಬಗೆಯ ಸೇವೆಯೇ. ಜೊತೆಗೆ, ಆಗಾಗ ಮತ್ತೆ ಕೇಳುತ್ತಿರಬೇಕು. ಬೇಡ ಎಂದವರಿಗೆ ನಾಳೆ ಬೇಕು ಎನ್ನುವ ಹಕ್ಕೂ ಇದೆ.